ಒಂದು ಕೋಣೆಯೊಳಗೆ ಇಡೀ ಸರ್ಕಾರ: ಪೋಲೆಂಡಿನ ಟಿವಿ ಹಾಸ್ಯ ರಾಜಕೀಯ ಹೇಳುವ ಬಗೆ

ಪೋಲೆಂಡಿನ ಟಿವಿಯಲ್ಲಿ ಬಂದ ಹೆಸರಾಂತ ರಾಜಕೀಯ ಹಾಸ್ಯವನ್ನು ಮೊದಲ ಸಲ ನೋಡುವ ಹೊರಗಿನವರಿಗೆ ಸ್ವಲ್ಪ ಗೊಂದಲ ಆಗುತ್ತದೆ. ಇದರಲ್ಲಿ ರಾಜಕೀಯ ಎಲ್ಲಿದೆ? ಸಂಸತ್ತು ಕಾಣುವುದಿಲ್ಲ. ಮಂತ್ರಿಗಳ ಭಾಷಣ ಇಲ್ಲ. ಕಾಣುವುದು ಒಂದು ಅಂಗಡಿಯ ಹಿಂಬದಿ, ಒಂದು ವಸತಿ ಕಟ್ಟಡದ ಮೆಟ್ಟಿಲು, ಇಲ್ಲವೇ ಒಂದು ಹಳ್ಳಿಯ ಕಚೇರಿ. ಆದರೂ ಅಲ್ಲಿನ ಜನ ಹೊಟ್ಟೆ ಹಿಡಿದು ನಗುತ್ತಾರೆ, ಇದು ನಮ್ಮ ಸರ್ಕಾರದ ಕಥೆಯೇ ಅನ್ನುತ್ತಾರೆ.

ಈ ಹಾಸ್ಯ ಅರ್ಥವಾಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಪೋಲೆಂಡಿನಲ್ಲಿ ಬಹಳ ಕಾಲ ಅಧಿಕಾರದ ಕುರ್ಚಿ ಒಂದು ಕಡೆ, ನಿಜವಾದ ಅಧಿಕಾರ ಇನ್ನೊಂದು ಕಡೆ ಇತ್ತು. ಕಮ್ಯುನಿಸ್ಟ್ ಕಾಲದಲ್ಲಿ ಸರ್ಕಾರ ಇತ್ತು, ಸಂಸತ್ತೂ ಇತ್ತು. ಆದರೆ ತೀರ್ಮಾನ ಮಾಡುತ್ತಿದ್ದದ್ದು ಪಕ್ಷ. ಅಂಗಡಿ ಇತ್ತು, ಸಾಮಾನು ಮಾತ್ರ ಗುರುತಿದ್ದವರಿಗೆ ಹಿಂಬಾಗಿಲಲ್ಲಿ ಸಿಗುತ್ತಿತ್ತು. ಹೀಗಾಗಿ ಅಲ್ಲಿನ ಹಾಸ್ಯಗಾರರು ಕುರ್ಚಿಯನ್ನು ಬಿಟ್ಟು ಹಿಂಬಾಗಿಲನ್ನು ತೋರಿಸಲು ಕಲಿತರು. ಆ ಕಲಿಕೆ ಪ್ರಜಾಪ್ರಭುತ್ವ ಬಂದ ಮೇಲೂ ಹೋಗಲಿಲ್ಲ. ಪೋಲಿಷ್ ಟಿವಿ ಹಾಸ್ಯದ ದೊಡ್ಡ ಶಕ್ತಿ ಇದೇ ಅಂತ ನನಗೆ ಅನ್ನಿಸುತ್ತದೆ. ನಾಯಕರ ದನಿಯನ್ನು ಅನುಕರಿಸುವುದು ಯಾವ ದೇಶದಲ್ಲೂ ಸಿಗುತ್ತದೆ. ಅಧಿಕಾರ ಯಾವ ಕೋಣೆಯಲ್ಲಿ ಕೂತಿದೆ ಅಂತ ಇಷ್ಟು ಚೆನ್ನಾಗಿ ತೋರಿಸುವುದು ಅಪರೂಪ.

ಮೊದಲು ಕ್ಯಾಬರೆ ಬಗ್ಗೆ ಎರಡು ಮಾತು. ಈ ಹೆಸರು ಕೇಳಿದರೆ ನಮಗೆ ಹಳೆಯ ಸಿನಿಮಾಗಳ ಡಾನ್ಸ್ ನೆನಪಾಗುತ್ತದೆ. ಪೋಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಕ್ಯಾಬರೆ ಅಂದರೆ ಮೂರ್ನಾಲ್ಕು ಜನ ಸೇರಿ ಕಿರುನಾಟಕ, ಹಾಡು, ಮಾತುಗಳಿಂದ ನಗಿಸುವ ತಂಡ. 1905ರಲ್ಲಿ ಕ್ರಾಕೌ ನಗರದ ಒಂದು ಕೆಫೆಯಲ್ಲಿ ಕಲಾವಿದರು, ಬರಹಗಾರರು ಸೇರಿ ಇಂಥ ತಂಡ ಶುರು ಮಾಡಿದರು. ಆಗ ಪೋಲೆಂಡ್ ಅನ್ನುವ ದೇಶವೇ ಭೂಪಟದಲ್ಲಿ ಇರಲಿಲ್ಲ. ಕ್ರಾಕೌ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಕ್ರಿಸ್‌ಮಸ್ ಸಮಯದ ಗೋದಲಿಯ ಗೊಂಬೆಯಾಟವನ್ನೇ ಬಳಸಿಕೊಂಡು ಅವರು ಊರಿನ ದೊಡ್ಡ ಮನುಷ್ಯರನ್ನು ಗೊಂಬೆ ಮಾಡಿ ಕುಣಿಸಿದರು. ಆಮೇಲೆ ರೇಡಿಯೋ ಬಂತು, ಟಿವಿ ಬಂತು. ಕ್ಯಾಬರೆಯೂ ಅವುಗಳ ಒಳಗೆ ಸೇರಿಕೊಂಡಿತು. ಇವತ್ತಿಗೂ ಪೋಲಿಷ್ ಟಿವಿಯಲ್ಲಿ ಕ್ಯಾಬರೆ ತಂಡಗಳ ಕಾರ್ಯಕ್ರಮಕ್ಕೆ ದೊಡ್ಡ ಪ್ರೇಕ್ಷಕ ವರ್ಗ ಇದೆ.

ಎರಡನೇ ಮಹಾಯುದ್ಧದ ನಂತರ ಬಂದ ಕಮ್ಯುನಿಸ್ಟ್ ಸರ್ಕಾರದಲ್ಲಿ ಟಿವಿ ಅಂದರೆ ಸರ್ಕಾರಿ ಟಿವಿ ಒಂದೇ. ಅದರ ಮೇಲೆ ಸೆನ್ಸಾರ್ ಕಚೇರಿ. ವಾರ್ಸಾದ ಮಿಶಾ ಬೀದಿಯಲ್ಲಿ ಆ ಕಚೇರಿಯ ಕಟ್ಟಡ ಇತ್ತು. ಪತ್ರಿಕೆ, ಪುಸ್ತಕ, ನಾಟಕ, ಹಾಡು, ಕೊನೆಗೆ ಸಣ್ಣಪುಟ್ಟ ಪ್ರಕಟಣೆಗಳೂ ಅಲ್ಲಿಯ ಮುದ್ರೆ ಇಲ್ಲದೆ ಹೊರಬರುವಂತಿರಲಿಲ್ಲ. ಯಾವುದನ್ನು ಬರೆಯಬಾರದು ಅನ್ನುವ ಗುಟ್ಟಿನ ನಿಯಮಗಳನ್ನು 1977ರಲ್ಲಿ ತೋಮಾಶ್ ಸ್ತ್ರಿಜೆವ್ಸ್ಕಿ ಎಂಬ ಸೆನ್ಸಾರ್ ನೌಕರರೇ ಸ್ವೀಡನ್‌ಗೆ ಕದ್ದು ಸಾಗಿಸಿದರು. ಅದು ಪುಸ್ತಕವಾಗಿ ಬಂದಾಗಲೇ ಹೊರಗಿನ ಜಗತ್ತಿಗೆ ಈ ವ್ಯವಸ್ಥೆಯ ಒಳಗು ತಿಳಿದದ್ದು.

ಇಂಥ ಕಡೆ ಹಾಸ್ಯ ಹೇಗೆ ಬದುಕಿತು? ಸೆನ್ಸಾರ್ ನೌಕರ ಓದುವುದು ಕಾಗದವನ್ನು. ನಟ ಆಡುವುದು ವೇದಿಕೆಯ ಮೇಲೆ. ಈ ಎರಡರ ನಡುವಿನ ಜಾಗದಲ್ಲೇ ಹಾಸ್ಯ ಬೆಳೆಯಿತು. ಕಾಗದದಲ್ಲಿ "ಮಾಂಸ ಬರುತ್ತದೆ" ಅಂತ ಇದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ನಟ ಅದನ್ನು ಹೇಳಿ, ಸುಮ್ಮನೆ ನಿಂತು, ಒಮ್ಮೆ ಮೇಲೆ ನೋಡಿದರೆ ಸಾಕು. ಸಭೆಯಲ್ಲಿ ಕೂತವರಿಗೆ ಉಳಿದದ್ದೆಲ್ಲ ಗೊತ್ತಾಗುತ್ತಿತ್ತು. ಅರ್ಧ ಜೋಕನ್ನು ನಟ ಹೇಳುತ್ತಿದ್ದ, ಉಳಿದರ್ಧವನ್ನು ಪ್ರೇಕ್ಷಕರು ತಮ್ಮ ಮನಸ್ಸಿನಲ್ಲೇ ಪೂರ್ತಿ ಮಾಡುತ್ತಿದ್ದರು. ಆ ಉಳಿದರ್ಧಕ್ಕೆ ಯಾರನ್ನು ಹಿಡಿಯುವುದು?

ಇದರಲ್ಲಿ ಪಳಗಿದವರು ಪೊಜ್ನಾನ್ ನಗರದ 'ತೇಯ್' ತಂಡದವರು. ಝೆನೊನ್ ಲಾಸ್ಕೊವಿಕ್ ಮತ್ತು ಬೊಹ್ದಾನ್ ಸ್ಮೊಲೆನ್ ಇದರ ಇಬ್ಬರು ದೊಡ್ಡ ನಟರು. ಓಪೊಲೆ ಊರಿನಲ್ಲಿ ಪ್ರತಿವರ್ಷ ಪೋಲಿಷ್ ಹಾಡುಗಳ ಹಬ್ಬ ನಡೆಯುತ್ತದೆ, ಟಿವಿಯಲ್ಲಿ ದೇಶವೆಲ್ಲ ನೋಡುತ್ತದೆ. 1980ರ ಹಬ್ಬದಲ್ಲಿ ಈ ತಂಡ 'ಅಂಗಡಿಯ ಹಿಂಬದಿ' ಎಂಬ ಪ್ರದರ್ಶನ ಕೊಟ್ಟಿತು. ಹೆಸರಲ್ಲೇ ಎಲ್ಲ ಇದೆ. ಮುಂದೆ ಖಾಲಿ ಕಪಾಟು, ಹಿಂದೆ ನಿಜವಾದ ವ್ಯಾಪಾರ. ಯಾವ ನಾಯಕರ ಹೆಸರೂ ಬೇಕಾಗಲಿಲ್ಲ. ದಿನವೂ ಕ್ಯೂನಲ್ಲಿ ನಿಲ್ಲುತ್ತಿದ್ದ ಜನರಿಗೆ ಅಂಗಡಿಯೇ ದೇಶ ಆಗಿತ್ತು.

ಅದೇ ಬೇಸಿಗೆಯಲ್ಲಿ ಮಾಂಸದ ಬೆಲೆ ಏರಿತು. ಮುಷ್ಕರಗಳು ಹಬ್ಬಿದವು. ಆಗಸ್ಟ್ ಕೊನೆಗೆ ಗ್ದಾನ್ಸ್ಕ್ ಹಡಗುಕಟ್ಟೆಯಲ್ಲಿ ಸರ್ಕಾರ ಕಾರ್ಮಿಕರ ಜೊತೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಸಾಲಿಡಾರಿಟಿ ಎಂಬ ಸ್ವತಂತ್ರ ಕಾರ್ಮಿಕ ಸಂಘಟನೆ ಹುಟ್ಟಿತು. ಆ ಹಾಸ್ಯದಿಂದಲೇ ಮುಷ್ಕರ ಆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಜನರ ಮನಸ್ಸಿನಲ್ಲಿ ಕುದಿಯುತ್ತಿದ್ದದ್ದು ಏನು ಅಂತ ಆ ಕೆಲವು ವಾರಗಳ ಮೊದಲೇ ಸರ್ಕಾರಿ ಟಿವಿಯಲ್ಲೇ ಕಂಡಿತ್ತು.

ಇಲ್ಲೊಂದು ಗಂಭೀರ ಪ್ರಶ್ನೆ ಇದೆ. ಇಷ್ಟನ್ನೂ ಸರ್ಕಾರ ಬಿಟ್ಟದ್ದಾದರೂ ಯಾಕೆ? ಜನ ನಕ್ಕು ಹಗುರಾಗಲಿ, ಬೀದಿಗೆ ಇಳಿಯದಿರಲಿ ಅನ್ನುವ ಲೆಕ್ಕ ಇತ್ತು ಅಂತ ಪೋಲೆಂಡಿನಲ್ಲಿ ಹಲವರು ಹೇಳುತ್ತಾರೆ. ಕುಕ್ಕರಿನ ಸೀಟಿಯ ಹಾಗೆ, ಸ್ವಲ್ಪ ಹಬೆ ಹೊರಗೆ ಬಿಟ್ಟರೆ ಮುಚ್ಚಳ ಹಾರುವುದಿಲ್ಲ. ಈ ವಾದದಲ್ಲಿ ಸತ್ಯ ಇಲ್ಲದೇ ಇಲ್ಲ. ಆದರೆ ಅದು ಪೂರ್ತಿ ಸತ್ಯವೂ ಅಲ್ಲ. ಒಬ್ಬನೇ ಮನೆಯಲ್ಲಿ ಕೂತು ಗೊಣಗುವವನಿಗೆ, ತನ್ನ ಹಾಗೆ ಯೋಚಿಸುವವರು ಎಷ್ಟು ಜನ ಇದ್ದಾರೆ ಅಂತ ಗೊತ್ತಿರುವುದಿಲ್ಲ. ತುಂಬಿದ ಸಭೆ ಒಂದೇ ಜಾಗದಲ್ಲಿ ಒಟ್ಟಿಗೆ ನಕ್ಕಾಗ ಅದು ಗೊತ್ತಾಗುತ್ತದೆ. ಹಬೆ ಬಿಟ್ಟ ಸರ್ಕಾರಕ್ಕೆ ಈ ಲೆಕ್ಕ ತಪ್ಪಿತು ಅಂತಲೇ ನಾನು ನಂಬುತ್ತೇನೆ.

1981ರ ಡಿಸೆಂಬರ್ 13, ಭಾನುವಾರ. ಆಗ ಪ್ರಧಾನಿಯೂ ಪಕ್ಷದ ಮುಖ್ಯಸ್ಥರೂ ಆಗಿದ್ದ ಜನರಲ್ ಯಾರುಜೆಲ್ಸ್ಕಿ ಮಿಲಿಟರಿ ಆಡಳಿತ ಹೇರಿದರು. ಬೆಳಗ್ಗೆ ಮಕ್ಕಳ ಕಾರ್ಯಕ್ರಮಕ್ಕೆ ಕಾದಿದ್ದ ಮಕ್ಕಳಿಗೆ ಟಿವಿಯಲ್ಲಿ ಸಮವಸ್ತ್ರದ ಜನರಲ್ ಕಂಡರು. ಆ ತಲೆಮಾರಿನವರು ಇವತ್ತಿಗೂ ಆ ದಿನವನ್ನು ನೆನೆಯುವುದು ಅದೇ ರೀತಿ: ಅವತ್ತು ನಮ್ಮ ಕಾರ್ಯಕ್ರಮ ಬರಲಿಲ್ಲ. ವಾರ್ತೆ ಓದುವವರೂ ಸೇನೆಯ ಬಟ್ಟೆ ಹಾಕಿಕೊಂಡು ಕೂತರು. ನಟರು ಟಿವಿಯನ್ನು ಬಹಿಷ್ಕರಿಸಿದರು. ನಾಟಕಕ್ಕೆ ಬರುತ್ತೇವೆ, ಟಿವಿಗೆ ಬರುವುದಿಲ್ಲ ಅಂದರು.

ಲೂಬ್ಲಿನ್ ಹತ್ತಿರದ ಸ್ವಿದ್ನಿಕ್ ಅನ್ನುವ ಹೆಲಿಕಾಪ್ಟರ್ ಕಾರ್ಖಾನೆಯ ಊರಿನಲ್ಲಿ ನಡೆದದ್ದನ್ನು ಬಿಟ್ಟು ಈ ಕಥೆ ಹೇಳಲು ಆಗುವುದಿಲ್ಲ. 1982ರ ಫೆಬ್ರವರಿ 5ರಂದು, ಸಂಜೆ ಏಳೂವರೆಗೆ ಸರ್ಕಾರಿ ವಾರ್ತೆ ಶುರುವಾಗುತ್ತಿದ್ದ ಹಾಗೆ ಜನ ಮನೆಯಿಂದ ಹೊರಬಿದ್ದು ವಾಕಿಂಗ್ ಶುರು ಮಾಡಿದರು. ಘೋಷಣೆ ಇಲ್ಲ, ಫಲಕ ಇಲ್ಲ. ಬರೀ ವಾಕಿಂಗ್. ಕೆಲವರು ಟಿವಿಯ ಮುಖವನ್ನು ಕಿಟಕಿಯಿಂದ ಬೀದಿಗೆ ತಿರುಗಿಸಿಟ್ಟರು, ಸುಳ್ಳನ್ನು ಬೀದಿಯೇ ಕೇಳಲಿ ಅಂತ. ಇನ್ನು ಕೆಲವರು ಟಿವಿಯನ್ನೇ ಮಗುವಿನ ತಳ್ಳುಗಾಡಿಯಲ್ಲಿ ಕೂರಿಸಿ ತಿರುಗಾಡಿಸಿದರು! ಅಧಿಕಾರಿಗಳು ಕರ್ಫ್ಯೂ ಸಮಯವನ್ನು ಸಂಜೆ ಏಳಕ್ಕೆ ತಂದರು. ಜನ ಐದು ಗಂಟೆಯ ವಾರ್ತೆಯ ಹೊತ್ತಿಗೆ ವಾಕಿಂಗ್ ಹೋದರು. ಟಿವಿ ಹಾಸ್ಯದ ಬಗ್ಗೆ ಬರೆಯುವಾಗ ಇದನ್ನು ಯಾಕೆ ಹೇಳಬೇಕು ಅಂದರೆ, ಇಲ್ಲಿ ಪ್ರೇಕ್ಷಕರೇ ನಟರಾದರು. ಸರ್ಕಾರಿ ಟಿವಿಯೇ ಅವರ ನಾಟಕದ ಸಾಮಾನಾಯಿತು.

ಎರಡನೇ ಕೋಣೆ ಒಂದು ಕಟ್ಟಡ. ನಿರ್ದೇಶಕ ಸ್ತಾನಿಸ್ವಾವ್ ಬರೆಯಾ ಮಾಡಿದ 'ಆಲ್ತೆರ್ನಾತಿವಿ 4' ಒಂಬತ್ತು ಕಂತುಗಳ ಧಾರಾವಾಹಿ. ವಾರ್ಸಾದ ಅಂಚಿನಲ್ಲಿ ಆಗ ತಾನೇ ಎದ್ದಿದ್ದ ಉರ್ಸಿನುಫ್ ಬಡಾವಣೆ. ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಕಟ್ಟಿದ ಮನೆಗಳು. ಒಂದು ಫ್ಲ್ಯಾಟ್ ಸಿಗಲು ಜನ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಕೊನೆಗೆ ಸಿಕ್ಕಿದ ಕಟ್ಟಡದಲ್ಲಿ ಡಾಕ್ಟರು, ಕ್ರೇನ್ ಓಡಿಸುವವ, ಹಾಡುಗಾರ್ತಿ, ಪಕ್ಷದ ದೊಡ್ಡ ಮನುಷ್ಯ, ಎಲ್ಲರೂ ಒಂದೇ ಕಡೆ ಸೇರುತ್ತಾರೆ. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ ಇರುವ ಎರಡು ಕುಟುಂಬಗಳಿಗೆ ಕಚೇರಿಯ ಎಡವಟ್ಟಿನಿಂದ ಒಂದೇ ಫ್ಲ್ಯಾಟ್ ಸಿಗುತ್ತದೆ. ಕ್ಯೂನಲ್ಲಿ ನಿಲ್ಲುವುದರ ಬಗ್ಗೆಯೇ ಸಂಶೋಧನೆ ಮಾಡಲು ಅಮೆರಿಕದಿಂದ ಬಂದ ಒಬ್ಬ ವಿದ್ವಾಂಸನೂ ಇದ್ದಾನೆ.

ಇವರೆಲ್ಲರ ಮೇಲೆ ಕೂತವನು ಕಟ್ಟಡದ ಮೇಲ್ವಿಚಾರಕ ಆನ್ಯೋವ್. ನಟ ರೋಮಾನ್ ವಿಲ್ಹೆಲ್ಮಿ ಈ ಪಾತ್ರಕ್ಕೆ ಜೀವ ತುಂಬಿದರು. ಆನ್ಯೋವ್ ಯಾವ ಮಂತ್ರಿಯೂ ಅಲ್ಲ. ಪುಲ್ತುಸ್ಕ್ ಎಂಬ ಸಣ್ಣ ಊರಿನಿಂದ ಬಂದವನು. ಆದರೆ ಯಾರ ಮನೆಗೆ ಯಾರು ಬಂದರು, ಯಾರಿಗೆ ಯಾವ ಕಾಗದ ಬಂತು, ಎಲ್ಲ ಅವನಿಗೆ ಬೇಕು. ಮೇಲಿನವರ ಮುಂದೆ ಬಾಗುತ್ತಾನೆ, ಕೆಳಗಿನವರನ್ನು ಆಳುತ್ತಾನೆ. ಯಾರು ಮೇಲೆ, ಯಾರು ಕೆಳಗೆ ಅಂತ ಸರಿಯಾಗಿ ಗೊತ್ತಾಗುವ ತನಕ ಎಲ್ಲರ ಹತ್ತಿರವೂ ಹುಷಾರಾಗಿರುತ್ತಾನೆ. ಸರ್ವಾಧಿಕಾರ ಅಂದರೆ ರಾಜಧಾನಿಯಲ್ಲಿ ಕೂತ ಒಬ್ಬ ಜನರಲ್ ಮಾತ್ರ ಅಂದುಕೊಳ್ಳುವವರಿಗೆ ಈ ಪಾತ್ರ ಒಳ್ಳೆಯ ಪಾಠ. ಅದು ನಡೆಯುವುದು ಸಾವಿರಾರು ಆನ್ಯೋವ್‌ಗಳಿಂದ. ಚಿತ್ರೀಕರಣ ಮುಗಿದ ಮೇಲೂ ಈ ಧಾರಾವಾಹಿ ಪ್ರಸಾರವಾಗದೆ ಕೂತಿತ್ತು. ಜನರಿಗೆ ತೋರಿಸಿದ್ದು 1986ರಲ್ಲಿ. ಮರುವರ್ಷವೇ ಬರೆಯಾ ತೀರಿಕೊಂಡರು.

ಬದುಕಿದ್ದಾಗ ಬರೆಯಾ ಅವರಿಗೆ ವಿಮರ್ಶಕರಿಂದ ಗೌರವ ಸಿಕ್ಕಿದ್ದು ಕಡಿಮೆ. ಅಗ್ಗದ ಹಾಸ್ಯ ಅಂತ ಅವರ ಹೆಸರನ್ನೇ ಬೈಗುಳ ಮಾಡಿದ್ದರು. ಇವತ್ತು ಪೋಲೆಂಡಿನಲ್ಲಿ ಸರ್ಕಾರಿ ಕಚೇರಿಯ ಹುಚ್ಚಾಟ ಕಂಡರೆ ಜನ ಹೇಳುವುದು, ಇದು ಬರೆಯಾ ಸಿನಿಮಾ ಇದ್ದ ಹಾಗಿದೆ ಅಂತ. ವಿಮರ್ಶಕರಿಗೆ ಉತ್ಪ್ರೇಕ್ಷೆ ಅನ್ನಿಸಿದ್ದು ಸಾಮಾನ್ಯ ಜನರಿಗೆ ದಿನದ ಬದುಕಾಗಿತ್ತು.

1989ರಲ್ಲಿ ಆ ವ್ಯವಸ್ಥೆ ಬಿತ್ತು. ಮರುವರ್ಷ ಸೆನ್ಸಾರ್ ಕಚೇರಿಯೂ ಮುಚ್ಚಿತು. ಈಗ ಹೆಸರು ಹಿಡಿದೇ ನಗಬಹುದು! ಆ ಸ್ವಾತಂತ್ರ್ಯದ ಮೊದಲ ಖುಷಿ 1991ರಿಂದ 1994ರ ತನಕ ಬಂದ 'ಪೋಲಿಷ್ ಝೂ'. ಮಾರ್ಚಿನ್ ವೊಲ್ಸ್ಕಿ ಬರೆದ ಪ್ರಾಸದ ಮಾತುಗಳು, ರಾಜಕಾರಣಿಗಳ ಬದಲು ಪ್ರಾಣಿ ಗೊಂಬೆಗಳು. ಅಧ್ಯಕ್ಷ ಲೆಕ್ ವಲೇಸಾ ಸಿಂಹ, ನಿಧಾನದ ಮಾಜಿ ಪ್ರಧಾನಿ ಮಜೊವಿಯೆತ್ಸ್ಕಿ ಆಮೆ, ಅವಳಿ ಸಹೋದರರಾದ ಕಚಿನ್ಸ್ಕಿಗಳು ಎರಡು ಹ್ಯಾಮ್‌ಸ್ಟರ್‌ಗಳು. ಕ್ರಾಕೌನ ಹಳೆಯ ಗೊಂಬೆಯಾಟವೇ ಟಿವಿಗೆ ಬಂದ ಹಾಗಿತ್ತು. 1995ರಿಂದ ಹತ್ತು ವರ್ಷ ಯಾತ್ಸೆಕ್ ಫೆದೊರೊವಿಚ್ ಅವರ ಅಣಕು ವಾರ್ತೆ ನಡೆಯಿತು. ರಾಜಕಾರಣಿಗಳ ನಿಜವಾದ ಮಾತಿನ ತುಣುಕುಗಳನ್ನು ಕತ್ತರಿಸಿ, ನಡುವೆ ತನ್ನ ಪ್ರಶ್ನೆಗಳನ್ನು ಸೇರಿಸಿ ಸಂದರ್ಶನ ಮಾಡಿದಂತೆ ತೋರಿಸುವುದು ಅವರ ಕೈಚಳಕ. ಇವು ಜನಪ್ರಿಯ ಆದವು. ಆದರೆ ಇವುಗಳ ಆಯಸ್ಸು ಕಡಿಮೆ ಅಂತ ನನ್ನ ಅನಿಸಿಕೆ. ಆ ಮಂತ್ರಿ ಯಾರು ಅಂತ ಮರೆತರೆ ಜೋಕೂ ಮರೆಯುತ್ತದೆ. ಆನ್ಯೋವ್‌ಗೆ ಆ ತೊಂದರೆ ಇಲ್ಲ.

ಕೋಣೆಯ ಹಾಸ್ಯ ಮತ್ತೆ ಬಂದದ್ದು 2006ರ ಮಾರ್ಚ್‌ನಲ್ಲಿ, 'ರಾಂಚೊ' ಎಂಬ ಧಾರಾವಾಹಿಯಲ್ಲಿ. ವಿಲ್ಕೊವಿಯೆ ಎಂಬ ಕಾಲ್ಪನಿಕ ಹಳ್ಳಿ ಅದರ ಜಾಗ. ಅಮೆರಿಕದಲ್ಲಿ ಬೆಳೆದ ಲೂಸಿ ಎಂಬಾಕೆ ಅಜ್ಜಿಯ ಮನೆ ಮಾರಲು ಬಂದು ಅಲ್ಲೇ ಉಳಿಯುತ್ತಾಳೆ. ಆ ಹಳ್ಳಿಯಲ್ಲಿ ಎರಡು ಅಧಿಕಾರ ಕೇಂದ್ರ. ಒಂದು ಗ್ರಾಮಾಡಳಿತದ ಮುಖ್ಯಸ್ಥ, ಇನ್ನೊಂದು ಚರ್ಚಿನ ಪಾದ್ರಿ. ಇಬ್ಬರೂ ಅವಳಿ ಅಣ್ಣತಮ್ಮಂದಿರು. ಎರಡೂ ಪಾತ್ರ ಮಾಡಿದ್ದು ಚೆಜಾರಿ ಝಾಕ್ ಎಂಬ ಒಬ್ಬರೇ ನಟ. ಸರ್ಕಾರ ಮತ್ತು ಚರ್ಚ್ ಒಂದೇ ಮುಖದವು, ಆದರೂ ದಿನವೂ ಜಗಳ ಆಡುತ್ತವೆ. ಪೋಲೆಂಡಿನ ರಾಜಕೀಯದಲ್ಲಿ ಚರ್ಚಿನ ಪಾತ್ರ ಎಷ್ಟು ದೊಡ್ಡದು ಅಂತ ಗೊತ್ತಿದ್ದವರಿಗೆ ಇದರ ತೂಕ ತಿಳಿಯುತ್ತದೆ. ಆಗ ದೇಶದ ಅಧ್ಯಕ್ಷರಾಗಿದ್ದವರು ಲೆಹ್ ಕಚಿನ್ಸ್ಕಿ. ಅದೇ ಜುಲೈಯಲ್ಲಿ ಅವರ ಅವಳಿ ಸಹೋದರ ಯಾರೊಸ್ವಾವ್ ಪ್ರಧಾನಿಯಾದರು. ಧಾರಾವಾಹಿ ಅದಕ್ಕೂ ಮೊದಲೇ ಶುರುವಾಗಿತ್ತು. ಆದರೂ ಅಧಿಕಾರದಲ್ಲಿ ಕೂತ ಅವಳಿಗಳನ್ನು ಜನ ಈಗ ವಾರ್ತೆಯಲ್ಲೂ ನೋಡಿದರು, ಧಾರಾವಾಹಿಯಲ್ಲೂ ನೋಡಿದರು.

ರಾಂಚೊ ಹತ್ತು ಸರಣಿ, 130 ಕಂತು ನಡೆಯಿತು. ಹಳ್ಳಿಯ ಅಂಗಡಿಯ ಮುಂದಿನ ಬೆಂಚಿನ ಮೇಲೆ ಅಗ್ಗದ ವೈನ್ ಕುಡಿಯುತ್ತ ಲೋಕದ ವಿಚಾರ ಮಾತಾಡುವ ಗಂಡಸರು ಇದರ ಜೀವಾಳ. ಚುನಾವಣೆಯಲ್ಲಿ ಲೂಸಿ ಆಡಳಿತ ಹಿಡಿಯುತ್ತಾಳೆ. ಹಳೆಯ ಮುಖ್ಯಸ್ಥ ಸೆನೆಟರ್ ಆಗಿ, ಆಮೇಲೆ 'ಪ್ರಾಮಾಣಿಕತೆ'ಯ ಹೆಸರಲ್ಲಿ ಒಂದು ಪಕ್ಷವನ್ನೇ ಕಟ್ಟುತ್ತಾನೆ. ಇದನ್ನು ತೋರಿಸಿದ್ದು ಸರ್ಕಾರಿ ಟಿವಿ. ಯಾವ ಪಕ್ಷದವರೂ ಇದು ನಮ್ಮ ಮೇಲೆ ಅಂತ ದೂರುವ ಹಾಗಿರಲಿಲ್ಲ, ಎಲ್ಲ ಪಕ್ಷದವರ ಮೇಲೂ ಇತ್ತು. ಚಿತ್ರೀಕರಣ ನಡೆದ ಯೆರುಜಾಲ್ ಹಳ್ಳಿಗೆ ಜನ ಪ್ರವಾಸ ಹೋಗಿ ಆ ಬೆಂಚಿನ ಹತ್ತಿರ ಫೋಟೋ ತೆಗೆಸಿಕೊಳ್ಳುತ್ತಾರೆ.

ಅಷ್ಟರಲ್ಲಿ ಪ್ರೇಕ್ಷಕರೇ ಎರಡು ಪಾಲಾಗಿದ್ದರು. 2005ರಿಂದ ಖಾಸಗಿ ಸುದ್ದಿ ಚಾನೆಲ್ ಟಿವಿಎನ್24ರಲ್ಲಿ 'ಶ್ಕ್ವೊ ಕೊಂತಕ್ತೊವೆ' ಎಂಬ ರಾತ್ರಿ ಕಾರ್ಯಕ್ರಮ ಬರುತ್ತದೆ. ದಿನದ ರಾಜಕೀಯ ತುಣುಕುಗಳನ್ನು ತೋರಿಸಿ ನಗುತ್ತಾರೆ, ಪ್ರೇಕ್ಷಕರು ಫೋನ್ ಮಾಡಿ ಮಾತಾಡುತ್ತಾರೆ. ಯಾರೊಸ್ವಾವ್ ಕಚಿನ್ಸ್ಕಿ ಅವರ ಕಾನೂನು ಮತ್ತು ನ್ಯಾಯ ಪಕ್ಷದ ಬೆಂಬಲಿಗರಿಗೆ ಇದು ತಮ್ಮನ್ನೇ ಹಂಗಿಸುವ ಕಾರ್ಯಕ್ರಮ ಅನ್ನಿಸಿತು. ಆ ಪಕ್ಷ ಮತ್ತೆ ಅಧಿಕಾರಕ್ಕೆ ಬಂದು ಸರ್ಕಾರಿ ಟಿವಿಯ ಆಡಳಿತ ಬದಲಾದ ಮೇಲೆ, 2016ರಲ್ಲಿ ಸರ್ಕಾರಿ ಸುದ್ದಿ ಚಾನೆಲ್‌ನಲ್ಲಿ ಅದೇ ಮಾದರಿಯ 'ವ ತಿಲೆ ವಿಜ್ಯಿ' ಶುರುವಾಯಿತು. ಅಲ್ಲಿ ವಿರೋಧ ಪಕ್ಷದವರ ಮೇಲೆ ನಗು. ಅದರಲ್ಲಿ ಕಾಣಿಸಿಕೊಂಡವರಲ್ಲಿ ಪೋಲಿಷ್ ಝೂ ಬರೆದ ಮಾರ್ಚಿನ್ ವೊಲ್ಸ್ಕಿ ಕೂಡ ಒಬ್ಬರು. 1970ರ ದಶಕದಲ್ಲಿ ರೇಡಿಯೋದ ಒಂದೇ ಹಾಸ್ಯ ಕಾರ್ಯಕ್ರಮದಲ್ಲಿ ವೊಲ್ಸ್ಕಿ ಮತ್ತು ಫೆದೊರೊವಿಚ್ ಜೊತೆಗಿದ್ದರು. ಈಗ ಇಬ್ಬರದೂ ಬೇರೆ ಬೇರೆ ದಡ. ಒಬ್ಬನೇ ಎದುರಾಳಿ ಇದ್ದಾಗ ಎಲ್ಲರೂ ಒಂದೇ ಜೋಕಿಗೆ ನಗುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಯಾರ ಮೇಲೆ ನಗಬೇಕು ಅನ್ನುವುದೇ ಜಗಳದ ವಿಷಯ ಆಯಿತು. ಇದು ನನಗೆ ನೋವಿನ ಸಂಗತಿ.

ಕಾನೂನಿನ ಕಾಟವೂ ಪೂರ್ತಿ ಹೋಗಿಲ್ಲ. ದೇಶದ ಅಧ್ಯಕ್ಷರನ್ನು ಸಾರ್ವಜನಿಕವಾಗಿ ಅವಮಾನಿಸಿದರೆ ಮೂರು ವರ್ಷದ ತನಕ ಜೈಲು ಅನ್ನುವ ಕಲಂ ಪೋಲಿಷ್ ದಂಡ ಸಂಹಿತೆಯಲ್ಲಿದೆ. ಧಾರ್ಮಿಕ ಭಾವನೆಗೆ ನೋವು ಮಾಡಿದರೆ ಎರಡು ವರ್ಷದ ತನಕ. 2006ರಲ್ಲಿ ಒಂದು ಜರ್ಮನ್ ಪತ್ರಿಕೆ ಲೆಹ್ ಕಚಿನ್ಸ್ಕಿ ಅವರನ್ನು ಆಲೂಗಡ್ಡೆಗೆ ಹೋಲಿಸಿ ಬರೆದಾಗ ಅದು ಎರಡು ದೇಶಗಳ ನಡುವಿನ ಜಗಳವೇ ಆಗಿತ್ತು.

ಇಂಥ ಹೊತ್ತಿನಲ್ಲಿ, 2017ರ ಜನವರಿಯಲ್ಲಿ, ಯೂಟ್ಯೂಬ್‌ನಲ್ಲಿ 'ಉಹೊ ಪ್ರೆಜೆಸಾ' ಬಂತು. ಅಂದರೆ ಪಕ್ಷದ ಅಧ್ಯಕ್ಷರ ಕಿವಿ. ರೋಬರ್ಟ್ ಗುರ್ಸ್ಕಿ ಮತ್ತು ಅವರ ಕ್ಯಾಬರೆ ತಂಡದ ಕೆಲಸ. ಆ ಸಮಯದಲ್ಲಿ ಯಾರೊಸ್ವಾವ್ ಕಚಿನ್ಸ್ಕಿ ಪ್ರಧಾನಿಯಲ್ಲ, ಮಂತ್ರಿಯಲ್ಲ. ಒಬ್ಬ ಸಂಸತ್ ಸದಸ್ಯ, ಪಕ್ಷದ ಅಧ್ಯಕ್ಷ, ಅಷ್ಟೇ. ಆದರೆ ದೇಶದ ದೊಡ್ಡ ತೀರ್ಮಾನಗಳೆಲ್ಲ ಅವರ ಕೋಣೆಯಲ್ಲೇ ಆಗುತ್ತವೆ ಅಂತ ಎಲ್ಲರಿಗೂ ಗೊತ್ತಿತ್ತು. ಗುರ್ಸ್ಕಿ ಆ ಕೋಣೆಯನ್ನೇ ತೋರಿಸಿದರು. ಒಂದು ಮೇಜು, ಒಂದು ಬಾಗಿಲು, ಹೊರಗೆ ಕಾರ್ಯದರ್ಶಿ ಬಾಸ್ಯಾ ಅವರ ಜಾಗ. ಒಬ್ಬೊಬ್ಬರೇ ಒಳಗೆ ಬರುತ್ತಾರೆ, ಅಧ್ಯಕ್ಷರ ಮನಸ್ಸು ಎತ್ತ ಇದೆ ಅಂತ ನೋಡಿಕೊಂಡು ಮಾತಾಡುತ್ತಾರೆ. ಯಾರಿಗೂ ಮನೆತನದ ಹೆಸರಿಲ್ಲ, ಬರೀ ಮೊದಲ ಹೆಸರು. ಮಾರಿಯೂಶ್ ಅಂದರೆ ಗೃಹಮಂತ್ರಿ ಅಂತ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ದೇಶದ ಅಧ್ಯಕ್ಷ ಎಲ್ಲಿದ್ದಾನೆ ಅಂದರೆ ಹೊರಗಿನ ಬೆಂಚಿನ ಮೇಲೆ. ಆಗ ನಿಜವಾದ ಅಧ್ಯಕ್ಷರಾಗಿದ್ದವರ ಹೆಸರು ಆಂಜೆ ದೂದಾ. ಇಲ್ಲಿ ಅವನನ್ನು ಎಲ್ಲರೂ ಆದ್ರಿಯಾನ್ ಅನ್ನುತ್ತಾರೆ, ಸರಿಯಾದ ಹೆಸರೂ ಯಾರಿಗೂ ನೆನಪಿಲ್ಲ. ಅವನು ಒಳಗೆ ಬಿಡುತ್ತಾರೆ ಅಂತ ಕಾಯುತ್ತಲೇ ಇರುತ್ತಾನೆ. ಸಂವಿಧಾನದ ಪ್ರಕಾರ ಸೇನೆಯ ಮುಖ್ಯಸ್ಥ ಆದವನು ಕಾರಿಡಾರಿನಲ್ಲಿ ಕೂತಿದ್ದಾನೆ. ಇದಕ್ಕಿಂತ ಚೆನ್ನಾಗಿ ಒಂದು ದೇಶದ ಆಡಳಿತವನ್ನು ವಿವರಿಸಿದ ದೃಶ್ಯ ಬೇರೊಂದು ನನಗೆ ಗೊತ್ತಿಲ್ಲ. ಕಂತುಗಳನ್ನು ಲಕ್ಷಾಂತರ ಜನ ನೋಡಿದರು. ಆಮೇಲೆ ಒಂದು ಸ್ಟ್ರೀಮಿಂಗ್ ಕಂಪನಿ ಇದನ್ನು ಮುಂದುವರಿಸಿತು, ಟಿವಿಯಲ್ಲೂ ಬಂತು. ಆದ್ರಿಯಾನ್ ಅನ್ನುವುದು ದೂದಾ ಅವರ ಅಡ್ಡಹೆಸರೇ ಆಯಿತು. 2017ರ ಜುಲೈನಲ್ಲಿ ನ್ಯಾಯಾಲಯಗಳ ಕುರಿತು ಕಚಿನ್ಸ್ಕಿ ಅವರ ಪಕ್ಷ ತಂದ ಎರಡು ಮಸೂದೆಗಳನ್ನು ದೂದಾ ತಡೆಹಿಡಿದಾಗ, ಆದ್ರಿಯಾನ್ ಕೊನೆಗೂ ಎದ್ದು ನಿಂತನಾ ಅನ್ನುವ ರೀತಿಯಲ್ಲೇ ಚರ್ಚೆ ನಡೆಯಿತು.

ಈ ಧಾರಾವಾಹಿಯನ್ನು ಒಪ್ಪದವರೂ ಇದ್ದರು, ಅದೂ ಸರ್ಕಾರದ ವಿರೋಧಿಗಳಲ್ಲೇ. ಗುರ್ಸ್ಕಿ ಆಡಿದ ಪಕ್ಷದ ಅಧ್ಯಕ್ಷ ಬೆಕ್ಕನ್ನು ಪ್ರೀತಿಸುವ, ಸ್ವಲ್ಪ ಒಂಟಿಯಾದ, ಜಾಣ ಹಿರಿಯ. ಸುತ್ತ ಇರುವವರೇ ಪೆದ್ದರು. ಇದರಿಂದ ಆ ನಾಯಕ ಜನರಿಗೆ ಹತ್ತಿರ ಆಗಿಬಿಡುತ್ತಾರೆ, ನ್ಯಾಯಾಲಯಗಳ ಮೇಲಿನ ಹಿಡಿತದಂಥ ಗಂಭೀರ ವಿಷಯ ತಮಾಷೆ ಆಗಿಬಿಡುತ್ತದೆ ಅನ್ನುವುದು ಅವರ ಆಕ್ಷೇಪ. ಆಕ್ಷೇಪ ಸುಳ್ಳಲ್ಲ. ಆದರೆ ಆ ಪಾತ್ರವನ್ನು ರಾಕ್ಷಸ ಮಾಡಿದ್ದರೆ ಎದುರು ಪಾಳಯದವರು ಮೊದಲ ನಿಮಿಷದಲ್ಲೇ ಎದ್ದು ಹೋಗುತ್ತಿದ್ದರು. ಗುರ್ಸ್ಕಿ ಹಿಂದೆ ದೊನಾಲ್ದ್ ತುಸ್ಕ್ ಪ್ರಧಾನಿಯಾಗಿದ್ದಾಗ 'ಸಂಪುಟ ಸಭೆ' ಎಂಬ ಕಿರುನಾಟಕಗಳಲ್ಲಿ ತುಸ್ಕ್ ಪಾತ್ರವನ್ನೂ ಆಡಿದ್ದರು. ಆಗಲೂ ಅದೇ ಕ್ರಮ: ಒಂದು ಮೇಜು, ಅದರ ಸುತ್ತ ಮಂತ್ರಿಗಳು, ನಡುವೆ ಬೇಸರಗೊಂಡ ಒಬ್ಬ ಯಜಮಾನ. ಆಳುವವರು ಬದಲಾದಾಗ ಅವರೂ ಪಾತ್ರ ಬದಲಾಯಿಸಿದರು, ಪಾಳಯ ಸೇರಲಿಲ್ಲ. ಎರಡೂ ಕಡೆಯವರು ಒಂದೇ ಕಂತು ನೋಡಿ ನಕ್ಕದ್ದಕ್ಕೆ ಇದೂ ಒಂದು ಕಾರಣ.